ಮುಂಗೈ ಮುರಿದಾಗ: ಕಟ್ಟೋ, ಪ್ಲಾಸ್ಟರೋ, ಪ್ಲೇಟೋ?

ನನ್ನ ದೊಡ್ಡಪ್ಪ ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವುದನ್ನು ಹೊಸಬರು ನೋಡಿದರೆ, ಅರ್ಚಕರ ಕಿವಿಯಲ್ಲಿ ಏನೋ ಗುಟ್ಟು ಹೇಳುವುದಕ್ಕೆ ವಾಲುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಬಲ ಮೊಣಕೈಯನ್ನು ಹೊಟ್ಟೆಗೆ ಒತ್ತಿ, ಇಡೀ ಮೈಯನ್ನು ಬಲಕ್ಕೆ ಬಾಗಿಸಿದ ಮೇಲಷ್ಟೇ ಅವರ ಅಂಗೈ ಒಂದಿಷ್ಟು ಮೇಲ್ಮುಖವಾಗುತ್ತದೆ. ಉದ್ಧರಣೆಯಿಂದ ಬಿದ್ದದ್ದರಲ್ಲಿ ಅರ್ಧ ಬಾಯಿಗೆ, ಅರ್ಧ ಪಂಚೆಗೆ. ಹನ್ನೊಂದನೆಯ ವಯಸ್ಸಿನಲ್ಲಿ ಹಳ್ಳದ ಸಂಕದಿಂದ ಜಾರಿ ಮುಂಗೈ ಮುರಿದುಕೊಂಡರಂತೆ. ಬಿದಿರಿನ ದಬ್ಬೆ ಇಟ್ಟು ಕಟ್ಟು ಹಾಕಿಸಿದರು. ಮೂಳೆ ಕೂಡಿತು, ಆ ಕೈಯಲ್ಲಿ ಅವರು ನಲವತ್ತು ವರ್ಷ ಗುದ್ದಲಿ ಹಿಡಿದರು. ತಿರುಗುವುದನ್ನು ಮಾತ್ರ ಆ ಕೈ ಮರೆತುಬಿಟ್ಟಿತು.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಮೂಳೆ ಕೂರಿಸುವುದು ನನ್ನ ಕೆಲಸವಲ್ಲ. ಕೂರಿಸಿದ ಮೇಲೆ, ಪ್ಲಾಸ್ಟರ್ ಬಿಚ್ಚಿದ ಮೇಲೆ, ಕೈ ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ಯಾರು ಯಾವ ದಾರಿ ಹಿಡಿದರು, ಅದು ಎಲ್ಲಿಗೆ ತಲುಪಿತು ಎನ್ನುವುದನ್ನು ಆರು ವಾರದ ನಂತರ ನೋಡುವ ಭಾಗ್ಯ ನನ್ನದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಯಂದಿರು, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದ ಕೊನೆಗಾರರು, ಬೇಸಿಗೆ ರಜೆಯಲ್ಲಿ ಪೇರಲೆ ಮರ ಹತ್ತಿದ ಹುಡುಗರು, ವರ್ಷವಿಡೀ ಬೈಕಿನವರು. ಎಲ್ಲರ ಮನೆಯವರೂ ಕೇಳುವ ಪ್ರಶ್ನೆ ಒಂದೇ: ನಾಟಿ ಕಟ್ಟು ಸಾಕೇ, ಪ್ಲಾಸ್ಟರ್ ಬೇಕೇ, ಇಲ್ಲಾ ಆಪರೇಷನ್ ಮಾಡಿಸಿ ಒಳಗೆ ಲೋಹದ ಪ್ಲೇಟು ಹಾಕಿಸಲೇಬೇಕೇ?

ಉತ್ತರ ಮೂರು ಸಂಗತಿಗಳ ಮೇಲೆ ನಿಂತಿದೆ: ಯಾವ ಮೂಳೆ, ಎಲ್ಲಿ ಮುರಿದಿದೆ, ಯಾರದ್ದು. ಪಕ್ಕದ ಮನೆಯವರಿಗೆ ಪ್ಲಾಸ್ಟರಿನಲ್ಲೇ ವಾಸಿಯಾಯಿತು ಎನ್ನುವುದು ನಾಲ್ಕನೆಯ ಸಂಗತಿಯಲ್ಲ.

ತಿರುಗಣೆಯ ಲೆಕ್ಕ

ಮುಂಗೈಯಲ್ಲಿ ಎರಡು ಮೂಳೆ. ಕಿರುಬೆರಳಿನ ಕಡೆಯದು ಅಲ್ನಾ; ಜಗುಲಿಯ ಕಟ್ಟೆಗೆ ಕೈ ಊರಿ ಕುಳಿತಾಗ ಕಲ್ಲಿಗೆ ತಾಗುವುದು ಅದೇ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅಲ್ನಾ ಬಾಗಿಲ ಚೌಕಟ್ಟಿನ ಹಾಗೆ ನಿಂತಿರುತ್ತದೆ, ರೇಡಿಯಸ್ ಬಾಗಿಲಿನ ಹಾಗೆ ಅದರ ಸುತ್ತ ತಿರುಗುತ್ತದೆ. ಮೊಣಕೈಯಲ್ಲೊಂದು, ಮಣಿಕಟ್ಟಿನಲ್ಲೊಂದು, ಹೀಗೆ ಎರಡು ತಿರುಗಣೆ. ರೇಡಿಯಸ್ ಬಿಲ್ಲಿನಂತೆ ತುಸು ಬಾಗಿರುವುದರಿಂದಲೇ ಅಲ್ನಾಕ್ಕೆ ತಗಲದೆ ಅದರ ಮೇಲೆ ಹಾದುಹೋಗಲು ಸಾಧ್ಯ. ಆ ಬಾಗು ಕಳೆದುಹೋದರೆ, ಅಥವಾ ಮುರಿದ ತುಂಡು ತಿರುಚಿಕೊಂಡೇ ಕೂಡಿದರೆ, ಬಾಗಿಲು ಅರ್ಧಕ್ಕೇ ಚೌಕಟ್ಟಿಗೆ ಬಡಿಯುತ್ತದೆ.

ಹೆಬ್ಬೆರಳನ್ನು ಮೇಲಕ್ಕೆ ಮಾಡಿ ಮುಂಗೈ ಚಾಚಿದರೆ ಅದು ನಡುಸ್ಥಿತಿ. ಅಲ್ಲಿಂದ ಆ ಕಡೆಗೊಂದು 80 ಡಿಗ್ರಿ, ಈ ಕಡೆಗೊಂದು 80 ಡಿಗ್ರಿ ಆರೋಗ್ಯವಂತ ಕೈ ತಿರುಗುತ್ತದೆ. ದಿನದ ಕೆಲಸಕ್ಕೆ ಎರಡೂ ಕಡೆ ಐವತ್ತರಷ್ಟಿದ್ದರೆ ನಡೆದುಹೋಗುತ್ತದೆ. ಅಂಗೈ ಕೆಳಮುಖವಾಗದಿದ್ದರೆ ಮೊಣಕೈಯನ್ನು ಪಕ್ಕಕ್ಕೆ ಎತ್ತಿ ಹೇಗೋ ಸರಿದೂಗಿಸಬಹುದು. ಮೊಬೈಲ್ ಒತ್ತುವುದಕ್ಕೂ ಹಿಟ್ಟು ನಾದುವುದಕ್ಕೂ ಅಡ್ಡಿಯಿಲ್ಲ. ಮೇಲ್ಮುಖವಾಗದಿದ್ದರೆ ಮಾತ್ರ ದೊಡ್ಡಪ್ಪನ ಹಾಗೆ ಇಡೀ ಮೈ ವಾಲಬೇಕು. ಮುಂದೆ ನಾನು ಹೇಳುವ ಹೋಲಿಕೆಗಳಲ್ಲೆಲ್ಲ ಒರೆಗಲ್ಲು ಇದೇ: ಕೂಡುತ್ತದೆಯೇ ಎಂದಲ್ಲ, ಬಹುತೇಕ ಎಲ್ಲವೂ ಕೂಡುತ್ತವೆ, ಕೂಡಿದ ಮೇಲೆ ತಿರುಗುತ್ತದೆಯೇ ಎಂದು.

ಆಸ್ಪತ್ರೆ ತಲುಪುವ ಮೊದಲು

ತೋಟದ ಮನೆಯಿಂದ ಟಾರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಹಿಡಿಯುವ ಸೀಮೆ ನಮ್ಮದು. ಆ ದಾರಿಯಲ್ಲಿ ಮುರಿದ ತುಂಡುಗಳು ಅಲ್ಲಾಡದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ. ಅದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಒದ್ದೆ ಹಾಳೆಯನ್ನು ಮೊಣಕೈಯಿಂದ ಬೆರಳಿನ ಬುಡದವರೆಗೆ ಬರುವಷ್ಟು ಉದ್ದಕ್ಕೆ ಕತ್ತರಿಸಿ, ಒಳಗೆ ಹಳೆಯ ಬಟ್ಟೆ ಹಾಸಿ, ಕೈಯನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಅದರಲ್ಲಿಡಿ. ಮೇಲೆ ಪಂಚೆಯ ಪಟ್ಟಿಯಿಂದ ಸಡಿಲವಾಗಿ ಸುತ್ತಿ, ಕುತ್ತಿಗೆಗೆ ಜೋಲಿ ಕಟ್ಟಿ. ಹಾಳೆ ತಾನಾಗಿಯೇ ಕೈಯ ಆಕಾರಕ್ಕೆ ಬಾಗುತ್ತದೆ, ಬಿಗಿಯುವುದಿಲ್ಲ.

ಬಳೆ, ಉಂಗುರಗಳನ್ನು ಬಿದ್ದ ಮೊದಲ ಹತ್ತು ನಿಮಿಷದಲ್ಲೇ ತೆಗೆಯಿರಿ. ಬಾವು ಬಂದ ಮೇಲೆ ಚಿನ್ನದ ಬಳೆಯನ್ನು ಕತ್ತರಿಯಿಂದ ಕತ್ತರಿಸುವಾಗ ಮೂಳೆಯ ನೋವಿಗಿಂತ ದೊಡ್ಡ ನಿಟ್ಟುಸಿರು ಕೇಳಿಸುತ್ತದೆ. ಎಣ್ಣೆ ಹಚ್ಚಿ ನೀವಬೇಡಿ. ಇನ್ನೊಂದು ಮಾತು, ಮಲೆನಾಡಿನ ಉಪಚಾರಕ್ಕೆ ವಿರುದ್ಧವಾದದ್ದು: ಸುಧಾರಿಸಿಕೊಳ್ಳಲಿ ಎಂದು ದೋಸೆ, ಕಾಫಿ ಕೊಡಬೇಡಿ. ಅರಿವಳಿಕೆ ಕೊಟ್ಟು ಮೂಳೆ ಕೂರಿಸಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಒಂದು ದೋಸೆಯಿಂದ ಆರು ಗಂಟೆ ಕಾಯಬೇಕಾಗುತ್ತದೆ.

ಮುರಿದ ಜಾಗದಲ್ಲಿ ಚರ್ಮ ಒಂದು ಅಕ್ಕಿಕಾಳಿನಷ್ಟು ಒಡೆದು ರಕ್ತ ಜಿನುಗುತ್ತಿದ್ದರೂ ಅದು ತೆರೆದ ಮುರಿತ ಎಂದೇ ಲೆಕ್ಕ. ಮೂಳೆಯ ಚೂಪು ಒಳಗಿನಿಂದ ಚುಚ್ಚಿ ವಾಪಸ್ಸು ಹೋಗಿರುತ್ತದೆ, ತೋಟದ ಮಣ್ಣು ಅದೇ ದಾರಿಯಲ್ಲಿ ಒಳಹೊಕ್ಕಿರುತ್ತದೆ. ಅರಿಶಿನ, ಕಾಫಿಪುಡಿ ಮೆತ್ತದೆ ಶುಭ್ರವಾದ ಬಟ್ಟೆ ಮುಚ್ಚಿ ನೇರ ಹೊರಡಿ. ಆ್ಯಂಟಿಬಯಾಟಿಕ್ ಎಷ್ಟು ಬೇಗ ಮೈಗೆ ಹೋಗುತ್ತದೋ ಅಷ್ಟು ಕ್ಷೇಮ. ಇಲ್ಲಿ ಆಯ್ಕೆಯ ಮಾತೇ ಇಲ್ಲ: ಗಾಯ ತೊಳೆಯುವ ಶಸ್ತ್ರಚಿಕಿತ್ಸೆ ಆಗಲೇಬೇಕು.

ಮಕ್ಕಳ ಕೈ: ಕಾಯಬಹುದಾದದ್ದು, ಕಾಯಬಾರದ್ದು

ಮಕ್ಕಳ ಮೂಳೆ ಒಣಗಿದ ಕಟ್ಟಿಗೆಯಲ್ಲ, ಹಸಿ ಬರಲು. ಪೂರ್ತಿ ಮುರಿಯುವ ಮೊದಲು ಬಾಗುತ್ತದೆ, ಸುಕ್ಕಾಗುತ್ತದೆ, ಒಂದು ಪಕ್ಕ ಸೀಳುತ್ತದೆ.

ಸುಕ್ಕಿನ ಮುರಿತ ಎಲ್ಲಕ್ಕಿಂತ ಸೌಮ್ಯವಾದದ್ದು. ಮಣಿಕಟ್ಟಿನ ಹತ್ತಿರ ಮೂಳೆಯ ಹೊರಕವಚ ತಗಡಿನ ಡಬ್ಬಿ ಅಮುಕಿದ ಹಾಗೆ ಉಬ್ಬಿರುತ್ತದೆ, ಅಷ್ಟೆ. ಇದಕ್ಕೆ ಪೂರ್ತಿ ಪ್ಲಾಸ್ಟರ್ ಬೇಡ. ಬಿಚ್ಚಿ ಹಾಕಬಹುದಾದ ಸ್ಪ್ಲಿಂಟ್ ಮೂರು ವಾರ ಸಾಕು. ಬ್ರಿಟನ್ನಿನಲ್ಲಿ 965 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ಮೆತ್ತನೆಯ ಬ್ಯಾಂಡೇಜ್ ಕಟ್ಟಿಸಿಕೊಂಡವರಿಗೂ ಗಟ್ಟಿ ಪಟ್ಟಿ ಹಾಕಿಸಿಕೊಂಡವರಿಗೂ ನೋವಿನಲ್ಲಿ, ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಗುವಿಗೆ ಸುಕ್ಕಿನ ಮುರಿತವಿದ್ದು ವೈದ್ಯರು ಸಣ್ಣ ಪಟ್ಟಿ ಕಟ್ಟಿ ಕಳಿಸಿದರೆ, ಏನೂ ಮಾಡಲಿಲ್ಲ ಎಂದು ಇನ್ನೊಬ್ಬರ ಹತ್ತಿರ ಓಡಬೇಡಿ. ಅವರು ತಿಳಿದವರು.

ಹಸಿಕಡ್ಡಿಯ ಮುರಿತದಲ್ಲಿ ಒಂದು ಪಕ್ಕ ಸೀಳಿ ಇನ್ನೊಂದು ಪಕ್ಕ ಬಾಗಿರುತ್ತದೆ. ಬಾಗು ಹೆಚ್ಚಿದ್ದರೆ ಎಳೆದು ನೇರ ಮಾಡಿ, ನಾಲ್ಕರಿಂದ ಆರು ವಾರ ಪ್ಲಾಸ್ಟರ್. ಒಳಗೆ ಲೋಹ ಬೇಡ.

ಎರಡೂ ಮೂಳೆ ನಡುವಿನಲ್ಲಿ ಪೂರ್ತಿ ತುಂಡಾಗಿ ಒಂದರ ಮೇಲೊಂದು ಏರಿದ್ದರೆ ಆಗ ನಿಜವಾದ ಆಯ್ಕೆ ಎದುರಾಗುತ್ತದೆ. ಮಗುವಿಗೆ ಎಂಟು-ಒಂಬತ್ತು ವರ್ಷದೊಳಗಿದ್ದರೆ ಅರಿವಳಿಕೆಯಲ್ಲಿ ಎಳೆದು ಕೂರಿಸಿ, ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕಿದರೆ ಹೆಚ್ಚಿನಂಶ ಗೆಲ್ಲುತ್ತೇವೆ. ಬೆಳೆಯುವ ಮೂಳೆ ಸ್ವಲ್ಪ ವಕ್ರವನ್ನು ತಾನೇ ತಿದ್ದಿಕೊಳ್ಳುತ್ತದೆ. ಮಣಿಕಟ್ಟಿಗೆ ಹತ್ತಿರವಿದ್ದಷ್ಟೂ ಚೆನ್ನಾಗಿ ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳದ ದೋಷ ಒಂದಿದೆ, ತಿರುಚು. ಮೇಲಿನ ತುಂಡು ಒಂದು ಕಡೆ, ಕೆಳಗಿನ ತುಂಡು ಇನ್ನೊಂದು ಕಡೆ ತಿರುಗಿಕೊಂಡು ಕೂಡಿದರೆ ಎಷ್ಟು ವರ್ಷ ಬೆಳೆದರೂ ಅದು ಹಾಗೆಯೇ. ದೊಡ್ಡಪ್ಪನ ಕೈಗೆ ಆದದ್ದು ಇದೇ ಎಂದು ನನ್ನ ಊಹೆ. ಹತ್ತು ದಾಟಿದ ಮಕ್ಕಳಲ್ಲಿ, ಪ್ಲಾಸ್ಟರಿನೊಳಗೆ ಜಾರುವ ಮುರಿತಗಳಲ್ಲಿ, ವೈದ್ಯರು ಬಾಗುವ ಟೈಟಾನಿಯಂ ಕಡ್ಡಿಗಳನ್ನು ಮೂಳೆಯ ಒಳಗೇ ತೂರಿಸುತ್ತಾರೆ. ಗಾಯ ಸಣ್ಣದು, ಕೆಲಸ ಅಚ್ಚುಕಟ್ಟು. ಅನಾನುಕೂಲವೆಂದರೆ ಆರು ತಿಂಗಳು, ವರ್ಷದ ನಂತರ ಆ ಕಡ್ಡಿ ತೆಗೆಯಲು ಮತ್ತೊಮ್ಮೆ ಅರಿವಳಿಕೆ.

ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಇರುತ್ತದೆ. ಪೆಟ್ಟು ಅಲ್ಲಿಗೆ ಬಿದ್ದಿದ್ದರೆ ತಡ ಮಾಡಬೇಡಿ. ವಾರ ಕಳೆದ ಮೇಲೆ ಎಳೆದು ಕೂರಿಸಲು ಹೋದರೆ ಎಳೆಯುವುದರಿಂದಲೇ ಆ ಪಟ್ಟಿಗೆ ಗಾಯವಾಗಿ ಬೆಳವಣಿಗೆ ನಿಲ್ಲುವ ಅಪಾಯವಿದೆ. ಊರ ಹಬ್ಬ ಮುಗಿಯಲಿ ಎನ್ನುವ ಸಬೂಬು ಇದಕ್ಕೆ ಸಲ್ಲದು.

ಸುಕ್ಕಿನ ಮುರಿತವೊಂದನ್ನು ಬಿಟ್ಟು, ಮಗುವಿನ ಕೈಗೆ ಏನೇ ಮಾಡಿಸಿದರೂ ಮೊದಲ ವಾರಕ್ಕೊಂದು, ಎರಡನೆಯ ವಾರಕ್ಕೊಂದು ಎಕ್ಸ್-ರೇ ತಪ್ಪಿಸಬಾರದು. ಬಾವು ಇಳಿದಾಗ ಪ್ಲಾಸ್ಟರ್ ಸಡಿಲವಾಗುತ್ತದೆ, ಒಳಗೆ ತುಂಡು ಸದ್ದಿಲ್ಲದೆ ಜಾರುತ್ತದೆ. ಎರಡು ವಾರದೊಳಗೆ ಕಂಡರೆ ತಿದ್ದಬಹುದು. ಆರನೆಯ ವಾರದಲ್ಲಿ ಕಂಡರೆ ಅದು ನನ್ನ ಮೇಜಿನ ಸಮಸ್ಯೆ.

ಅಂಗಳದಲ್ಲಿ ಜಾರಿದವರ ಮಣಿಕಟ್ಟು

ಐವತ್ತು ದಾಟಿದ ಹೆಂಗಸರಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನು. ಜಾರಿದಾಗ ಅಂಗೈ ಊರುತ್ತಾರೆ, ಮಣಿಕಟ್ಟಿನ ಮೇಲೆ ಎರಡು ಬೆರಳಿನಷ್ಟು ಜಾಗದಲ್ಲಿ ರೇಡಿಯಸ್ ಮುರಿದು ಹಿಂದಕ್ಕೆ ವಾಲುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ 1814ರಲ್ಲಿ ಇದನ್ನು ವಿವರಿಸಿದರು, ಎಕ್ಸ್-ರೇ ಬರುವುದಕ್ಕೆ 81 ವರ್ಷ ಮೊದಲು, ಬರೀ ಕಣ್ಣು ಮತ್ತು ಬೆರಳಿನ ಬಲದಿಂದ. ಪುಸ್ತಕಗಳು ಈ ಕೈಯ ಆಕಾರವನ್ನು ಊಟದ ಫೋರ್ಕಿಗೆ ಹೋಲಿಸುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಫೋರ್ಕಿಗೇನು ಕೆಲಸ? ಸೌಟನ್ನು ಕವುಚಿ ಹಿಡಿದಾಗ ಅದರ ಕತ್ತು ಬಳುಕುತ್ತದಲ್ಲ, ಹಾಗೆ ಕಾಣುತ್ತದೆ. ಅಂಗೈ ಮಡಚಿಕೊಂಡು ಬಿದ್ದರೆ ತುಂಡು ಮುಂದಕ್ಕೆ ವಾಲುತ್ತದೆ. ಅದು ಸ್ಮಿತ್ ಮುರಿತ, ಪ್ಲಾಸ್ಟರಿನಲ್ಲಿ ನಿಲ್ಲುವುದು ಕಷ್ಟ, ಹೆಚ್ಚಾಗಿ ಪ್ಲೇಟೇ ಬೇಕಾಗುತ್ತದೆ.

ಕಾಲಿಸ್ ಮುರಿತಕ್ಕೆ ಮೂರು ದಾರಿ. ಎಳೆದು ಕೂರಿಸಿ ಐದಾರು ವಾರ ಪ್ಲಾಸ್ಟರ್. ಎಳೆದು ಕೂರಿಸಿ, ಜಾರದಂತೆ ಚರ್ಮದ ಮೇಲಿನಿಂದಲೇ ಎರಡು ಮೂರು ತಂತಿ ತೂರಿಸಿ, ಮೇಲೆ ಪ್ಲಾಸ್ಟರ್. ಅಥವಾ ಅಂಗೈ ಕಡೆಯಿಂದ ಕೊಯ್ದು ಪ್ಲೇಟು, ಸ್ಕ್ರೂ. ಜನ ಇದನ್ನು ಅಗ್ಗದ ಬಸ್ಸು, ಡೀಲಕ್ಸ್ ಬಸ್ಸು, ವೋಲ್ವೊ ಎಂಬಂತೆ ನೋಡುತ್ತಾರೆ. ಹಾಗಲ್ಲ.

ತಂತಿಗೂ ಪ್ಲೇಟಿಗೂ ನೇರ ಸ್ಪರ್ಧೆ ಇಟ್ಟು ಬ್ರಿಟನ್ನಿನಲ್ಲಿ 461 ಜನರ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಬಂತು: ಒಂದು ವರ್ಷದ ನಂತರ ಕೈಯ ಉಪಯೋಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಳೆದು ಕೂರಿಸಿದಾಗ ಮೂಳೆ ಚೆನ್ನಾಗಿ ಕೂತಿದ್ದವರಲ್ಲಿ, ಬರೀ ಪ್ಲಾಸ್ಟರಿಗೂ ತಂತಿಗೂ ಹೋಲಿಸಿದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು: ವರ್ಷದ ಕೊನೆಯಲ್ಲಿ ಎರಡೂ ಸಮ. ಆದರೆ ಬರೀ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಮೂಳೆ ಜಾರಿ ಮೊದಲ ಆರು ವಾರದಲ್ಲಿ ಆಪರೇಷನ್ ಬೇಕಾಯಿತು. ನಾನು ಇದನ್ನು ಹೀಗೆ ಓದುತ್ತೇನೆ: ಚೆನ್ನಾಗಿ ಕೂತ ಮೂಳೆಗೆ ಪ್ಲಾಸ್ಟರಿನಿಂದ ಶುರು ಮಾಡುವುದು ಸರಿಯಾದ ದಾರಿ, ವಾರವಾರ ಎಕ್ಸ್-ರೇಗೆ ಬರುವವರಿಗೆ. ಮಳೆಗಾಲದಲ್ಲಿ ಹೊಳೆ ಏರಿದರೆ ಹೊರಬರಲಾಗದ ಊರಿನವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಪುನಃ ತೋರಿಸಲು ಬರಲಾಗದವರಿಗೆ ಜಾರದಂತೆ ಮೊದಲೇ ಭದ್ರ ಮಾಡುವುದು ಹೆಚ್ಚು ವಿವೇಕ.

ತಂತಿಯ ತುದಿ ಚರ್ಮದ ಹೊರಗೆ ಉಳಿಸಿದ್ದರೆ ನಾಲ್ಕರಿಂದ ಆರು ವಾರಕ್ಕೆ ಹೊರರೋಗಿ ವಿಭಾಗದಲ್ಲೇ ಎಳೆದು ತೆಗೆಯುತ್ತಾರೆ. ಕೊಟ್ಟಿಗೆ ಕೆಲಸ ಬಿಡಲಾಗದವರಿಗೆ ಅದು ಕಷ್ಟ, ಆ ತುದಿಗಳಲ್ಲಿ ಕೀವು ಬೇಗ ಆಗುತ್ತದೆ. ಪ್ಲೇಟಿನ ಲಾಭವೆಂದರೆ ಮಣಿಕಟ್ಟನ್ನು ಬೇಗ ಆಡಿಸಬಹುದು. ಮೊದಲ ಎರಡು ಮೂರು ತಿಂಗಳು ಪ್ಲೇಟಿನವರೇ ಮುಂದಿರುತ್ತಾರೆ, ನಂತರ ಉಳಿದವರು ಬಂದು ಸೇರುತ್ತಾರೆ. ಒಬ್ಬಳೇ ಮನೆ ನಡೆಸುವವಳಿಗೆ, ಡ್ರೈವರಿಗೆ, ಕಂಪ್ಯೂಟರಿನಲ್ಲಿ ಅನ್ನ ದುಡಿಯುವವರಿಗೆ ಆ ಎರಡು ತಿಂಗಳು ಸಣ್ಣದಲ್ಲ. ಕೀಲಿನ ಮೇಲ್ಮೈಯೇ ಒಡೆದು ಎರಡು ಮಿಲಿಮೀಟರಿಗಿಂತ ಹೆಚ್ಚು ಮೆಟ್ಟಿಲಾಗಿದ್ದರೆ, ಚೂರುಚೂರಾಗಿದ್ದರೆ, ಪ್ಲೇಟಿನ ಪಕ್ಷ ಗಟ್ಟಿ.

65 ದಾಟಿದ, ಭಾರೀ ಕೆಲಸವಿಲ್ಲದವರಲ್ಲಿ ಎಕ್ಸ್-ರೇಯಲ್ಲಿ ಮೂಳೆ ತುಸು ವಕ್ರವಾಗಿ ಕೂಡಿದ್ದರೂ ಕೈ ಕೆಲಸ ಚೆನ್ನಾಗಿಯೇ ಮಾಡುತ್ತದೆ. ನಮ್ಮ ಅತ್ತೆ 68ರ ವಯಸ್ಸಿನಲ್ಲಿ ಬಿದ್ದಾಗ ಮಗ ಪ್ಲೇಟು ಹಾಕಿಸೋಣವೆಂದ, ಅತ್ತೆ ಒಲ್ಲೆನೆಂದರು. ವೈದ್ಯರು ಎಕ್ಸ್-ರೇ ನೋಡಿ ಅತ್ತೆಯ ಪರವಾಗಿ ತೀರ್ಪು ಕೊಟ್ಟರು. ಮಣಿಕಟ್ಟು ಈಗಲೂ ಒಂದಿಷ್ಟು ಸೊಟ್ಟ. ಚಕ್ಕುಲಿ ಒತ್ತುವುದಕ್ಕೆ ಆ ಸೊಟ್ಟ ಅಡ್ಡ ಬಂದಿಲ್ಲ.

ಐವತ್ತು ದಾಟಿದವರು ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಮೂಳೆಯ ಸಾಂದ್ರತೆಯ ಪರೀಕ್ಷೆಯ ಬಗ್ಗೆ ಕೇಳಿ. ಮುಂದೆ ಸೊಂಟ ಮುರಿಯಬಹುದೆಂದು ಶರೀರ ಕೊಡುವ ಮೊದಲ ನೋಟೀಸು ಅದು. ಇನ್ನೂ ಒಂದು: ಹೆಚ್ಚು ಜರುಗದ ಸಣ್ಣ ಮುರಿತದಲ್ಲೂ, ಕೆಲವು ವಾರದ ನಂತರ ಇದ್ದಕ್ಕಿದ್ದ ಹಾಗೆ ಹೆಬ್ಬೆರಳು ಮೇಲೇಳದಿದ್ದರೆ ಅದರ ಸ್ನಾಯುರಜ್ಜು ತುಂಡಾಗಿದೆ ಎಂದರ್ಥ. ಸುಸ್ತು ಎಂದು ಬಿಡಬೇಡಿ.

ದೊಡ್ಡವರ ನಡುಮೂಳೆ: ಇಲ್ಲಿ ಚೌಕಾಶಿಯಿಲ್ಲ

ಕೊನೆಗಾರರೊಬ್ಬರು, 34 ವರ್ಷ, ಮರದಿಂದ ಬಿದ್ದು ಎರಡೂ ಮೂಳೆ ನಡುವಿನಲ್ಲಿ ಮುರಿದುಕೊಂಡಿದ್ದರು. ಪ್ಲಾಸ್ಟರಿನಲ್ಲೇ ಆಗುವುದಿಲ್ಲವೇ ಎಂದು ಅವರ ಹೆಂಡತಿ ಮತ್ತೆ ಮತ್ತೆ ಕೇಳುತ್ತಿದ್ದರು. ಆಗುವುದಿಲ್ಲ. ದೊಡ್ಡವರ ಮೂಳೆ ವಕ್ರವನ್ನು ತಿದ್ದಿಕೊಳ್ಳುವುದಿಲ್ಲ, ಸುತ್ತಲಿನ ಸ್ನಾಯುಗಳು ಒಂದೊಂದು ತುಂಡನ್ನು ಒಂದೊಂದು ಕಡೆಗೆ ಎಳೆಯುತ್ತವೆ, ಪ್ಲಾಸ್ಟರಿಗೆ ಆ ಜಗ್ಗಾಟ ತಡೆಯುವ ಶಕ್ತಿಯಿಲ್ಲ. ಈ ಎರಡು ಮೂಳೆಗಳನ್ನು ವೈದ್ಯರು ಕೀಲಿನಷ್ಟೇ ಮರ್ಯಾದೆಯಿಂದ ಕಾಣುತ್ತಾರೆ: ಉದ್ದ, ಬಾಗು, ತಿರುಚು ಮೂರೂ ಮೊದಲಿದ್ದ ಹಾಗೆಯೇ ಬರಬೇಕು. ಅದಕ್ಕೆ ಪ್ಲೇಟು, ಸ್ಕ್ರೂ ಬಿಟ್ಟರೆ ಬೇರೆ ನಂಬಿಕಸ್ಥ ದಾರಿಯಿಲ್ಲ.

ಆ ಕೊನೆಗಾರರು ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಸೊಗಸಾಗಿತ್ತು: ಕೈಯೊಂದೇ, ಕೊಯ್ದ ಗಾಯ ಎರಡು ಯಾಕೆ? ಒಂದೇ ಗಾಯದಿಂದ ಎರಡೂ ಮೂಳೆಗೆ ಕೈ ಹಾಕಿದರೆ ನಡುವೆ ರಕ್ತ ಹೆಪ್ಪುಗಟ್ಟಿ, ಮೂಳೆ ಬೆಳೆದು, ರೇಡಿಯಸ್ಸೂ ಅಲ್ನಾವೂ ಒಂದಕ್ಕೊಂದು ಬೆಸೆದುಕೊಳ್ಳುವ ಅಪಾಯವಿದೆ. ಬೆಸೆದರೆ ಬಾಗಿಲು ಚೌಕಟ್ಟಿಗೆ ಮೊಳೆ ಹೊಡೆದ ಹಾಗೆ. ಎರಡು ಗಾಯ ಅಂದದ ಲೆಕ್ಕದಲ್ಲಿ ನಷ್ಟ, ತಿರುಗುವ ಲೆಕ್ಕದಲ್ಲಿ ಲಾಭ.

ಅಲ್ನಾ ಒಂದೇ ಮುರಿದಿದ್ದರೆ ಮಾತ್ರ ರಿಯಾಯಿತಿ ಉಂಟು. ಬೀಳುವ ಕೊಂಬೆಗೋ ದೊಣ್ಣೆಗೋ ಕೈ ಅಡ್ಡ ಹಿಡಿದಾಗ ಆಗುವ ಮುರಿತ ಇದು. ಅರ್ಧಕ್ಕಿಂತ ಕಡಿಮೆ ಜರುಗಿದ್ದು, ಬಾಗು ಹತ್ತು ಡಿಗ್ರಿಯೊಳಗಿದ್ದರೆ, ಪಟ್ಟಿ ಅಥವಾ ಬ್ರೇಸ್‌ನಲ್ಲಿ ವಾಸಿಯಾಗುತ್ತದೆ.

ಆದರೆ ಒಂದೇ ಮೂಳೆ ಮುರಿದಿದೆ ಎನ್ನುವ ಮಾತನ್ನು ಅಷ್ಟು ಸುಲಭವಾಗಿ ನಂಬಬಾರದು. ಎರಡು ತಿರುಗಣೆ ಇರುವ ಬಾಗಿಲಿನಲ್ಲಿ ಒಂದು ಹಲಗೆ ಮುರಿದು ಗಿಡ್ಡವಾದರೆ ಇನ್ನೆಲ್ಲೋ ಒಂದು ತಿರುಗಣೆ ಕಳಚಿರಬೇಕು. ಮೊಣಕೈ ಹತ್ತಿರ ಅಲ್ನಾ ಮುರಿದು ರೇಡಿಯಸ್ಸಿನ ತಲೆ ಕೀಲು ತಪ್ಪುವುದನ್ನು ಇಟಲಿಯ ಮೊಂಟೆಜಿಯಾ 1814ರಲ್ಲಿ ವಿವರಿಸಿದರು. ರೇಡಿಯಸ್ ಮುರಿದು ಮಣಿಕಟ್ಟಿನ ಕಡೆಯ ಕೀಲು ತಪ್ಪುವುದಕ್ಕೆ ಗಲಿಯಾಜ್ಜಿ ಎಂಬ ಇನ್ನೊಬ್ಬ ಇಟಲಿಯ ವೈದ್ಯರ ಹೆಸರು. ದೊಡ್ಡವರಲ್ಲಿ ಎರಡಕ್ಕೂ ಆಪರೇಷನ್ನೇ. ಮಕ್ಕಳಲ್ಲಿ ಮೊಂಟೆಜಿಯಾ ಸಮಯಕ್ಕೆ ಸಿಕ್ಕರೆ ಹಲವು ಸಲ ಎಳೆದು ಕೂರಿಸಿಯೇ ಸರಿಮಾಡಬಹುದು. ಕಣ್ತಪ್ಪಿ ತಿಂಗಳು ಕಳೆದರೆ ದೊಡ್ಡ ಶಸ್ತ್ರಚಿಕಿತ್ಸೆ. ಹೀಗೆ ತಪ್ಪಿಹೋದ ಒಂದು ಹುಡುಗಿಯ ಕೈ ನನ್ನ ಬಳಿ ಬಂದಿತ್ತು. ಎಕ್ಸ್-ರೇ ಫಿಲ್ಮಿನಲ್ಲಿ ಮುರಿದ ಜಾಗ ನಡುಮಧ್ಯೆ ಸ್ಪಷ್ಟವಾಗಿತ್ತು, ಮೊಣಕೈ ಚೌಕಟ್ಟಿನಿಂದ ಅರ್ಧ ಅಂಗುಲ ಆಚೆ ಉಳಿದಿತ್ತು. ಯಾವ ಆಸ್ಪತ್ರೆ ಎನ್ನುವುದು ಬೇಡ. ನೀವು ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ: ಮೊಣಕೈ, ಮಣಿಕಟ್ಟು ಎರಡೂ ಕಾಣುತ್ತಿವೆಯೇ? ಇಲ್ಲದಿದ್ದರೆ ಇನ್ನೊಂದು ತೆಗೆಸಿ ಎಂದು ಕೇಳುವುದು ಉದ್ಧಟತನವಲ್ಲ.

ಪ್ಲೇಟು ತೆಗೆಸಬೇಕೇ? ತೊಂದರೆ ಕೊಡದಿದ್ದರೆ ಬೇಡ. ತೆಗೆದ ಮೇಲೆ ಸ್ಕ್ರೂ ಇದ್ದ ರಂಧ್ರಗಳು ತುಂಬುವವರೆಗೆ ಮೂಳೆ ಮತ್ತೆ ಮುರಿಯುವ ಸಂಭವವಿದೆ. ತೆಗೆಸಲೇಬೇಕಾದರೆ ಒಂದೂವರೆ, ಎರಡು ವರ್ಷ ಕಳೆಯಲಿ. ಹೊಗೆಸೊಪ್ಪು, ಬೀಡಿ ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ. ಎಲೆಅಡಿಕೆ ಬಿಡಲಾಗದವರು ಅದರೊಳಗಿನ ಹೊಗೆಸೊಪ್ಪನ್ನಾದರೂ ಮೂರು ನಾಲ್ಕು ತಿಂಗಳು ಬಿಡಿ.

ನಾಟಿ ಕಟ್ಟಿನ ಬಗ್ಗೆ

ಊರಲ್ಲಿ ಕಟ್ಟು ಹಾಕುವವರನ್ನು ಹಂಗಿಸುವುದು ನನಗಿಷ್ಟವಿಲ್ಲ. ಡಾಕ್ಟರು ಸಿಗದ ಕಾಲದಲ್ಲಿ ಮಲೆನಾಡಿನ ಕೈಕಾಲು ಉಳಿಸಿದವರು ಅವರು, ಹಲವರು ಕಾಸು ಮುಟ್ಟದವರು. ಜರುಗದ ಮುರಿತ, ಬಿರುಕು, ಮಕ್ಕಳ ಸುಕ್ಕಿನ ಮುರಿತ, ಇವು ಯಾರು ಕಟ್ಟಿದರೂ ಕೂಡುತ್ತವೆ, ಕಟ್ಟದಿದ್ದರೂ ಬಹುಪಾಲು ಕೂಡುತ್ತವೆ. ಕಟ್ಟಿನ ಹೆಸರು ಬೆಳೆದಿರುವುದು ಇವುಗಳ ಮೇಲೆ. ತೊಡಕಿರುವುದು ಎರಡು ಕಡೆ. ಎಕ್ಸ್-ರೇ ಇಲ್ಲದೆ ಜರುಗಿದೆಯೋ ಇಲ್ಲವೋ, ಕೀಲು ತಪ್ಪಿದೆಯೋ ಇಲ್ಲವೋ ತಿಳಿಯುವುದಿಲ್ಲ. ತಿರುಚಂತೂ ಬೆರಳಿಗೆ ಸಿಗುವುದೇ ಇಲ್ಲ. ಎರಡನೆಯದು ಬಿಗಿ. ದಬ್ಬೆ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಸೇರಿ ಒಣಗಿದ ಕಟ್ಟು ಕಲ್ಲಾಗುತ್ತದೆ. ಬಾವು ಏರುತ್ತಿರುವ ಕೈಗೆ ಹಿಗ್ಗಲು ಜಾಗವಿಲ್ಲದಿದ್ದರೆ ಒತ್ತಡ ಒಳಗೇ ಏರಿ, ರಕ್ತ ಸಂಚಾರ ನಿಂತು, ಸ್ನಾಯು ಸಾಯುತ್ತದೆ. ಆಸ್ಪತ್ರೆಯ ಬಿಗಿ ಪ್ಲಾಸ್ಟರಿನಲ್ಲೂ ಇದೇ ಆಗಬಹುದು; ಅದಕ್ಕೇ ಮೊದಲ ದಿನ ಜಾಣ ವೈದ್ಯರು ಅರ್ಧ ಸುತ್ತಿನ ಸ್ಲ್ಯಾಬ್ ಹಾಕಿ, ಬಾವು ಇಳಿದ ಮೇಲೆ ಪೂರ್ತಿ ಪ್ಲಾಸ್ಟರ್ ಹಾಕುತ್ತಾರೆ.

ಕಟ್ಟು ಯಾರದ್ದೇ ಆಗಲಿ, ಮೊದಲ ಎರಡು ದಿನ ಬೆರಳುಗಳನ್ನು ನೋಡುತ್ತಿರಿ. ಮಾತ್ರೆಗೆ ಬಗ್ಗದ, ಗಂಟೆಗಂಟೆಗೆ ಏರುವ ನೋವು, ಮಡಚಿದ ಬೆರಳನ್ನು ಬೇರೆಯವರು ಮೆಲ್ಲನೆ ನೆಟ್ಟಗೆ ಮಾಡಿದರೂ ಪ್ರಾಣ ಹೋಗುವಂತಹ ನೋವು, ಜೋಮು, ಬಿಳಿಚುವಿಕೆ. ಇವು ಕಂಡರೆ ಕಟ್ಟನ್ನು ಅಲ್ಲೇ ಕತ್ತರಿಸಿ, ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ಆರು ಗಂಟೆ ಮೀರಿದರೆ ಸತ್ತ ಸ್ನಾಯು ಮರಳುವುದಿಲ್ಲ. ಬೆರಳುಗಳು ಗಿಡುಗನ ಉಗುರಿನಂತೆ ಮಡಚಿಕೊಂಡು ಉಳಿದ ಒಬ್ಬ ಹೈಸ್ಕೂಲು ಹುಡುಗನಿಗೆ ನಾನು ಎರಡು ವರ್ಷ ವ್ಯಾಯಾಮ ಮಾಡಿಸಿದ್ದೇನೆ. ಪೆನ್ನು ಹಿಡಿಯುವಷ್ಟಾಯಿತು, ಅಷ್ಟೇ.

ಮೂಳೆ ಕೂಡಿಸುತ್ತದೆಂದು ಜನ ನಂಬುವ ಮಂಗರವಳ್ಳಿ ಬಳ್ಳಿಯ ಚಟ್ನಿ ತಿನ್ನುವುದಕ್ಕೆ ನನ್ನ ಅಡ್ಡಿಯಿಲ್ಲ. ತುರಿಸದಂತೆ ಹುಳಿ ಹಾಕಿ ಮಾಡಿದರೆ ರುಚಿಯೂ ಹೌದು.

ಮಳೆ, ಪ್ಲಾಸ್ಟರ್, ಫೈಬರ್

ಬಿಳಿ ಪ್ಲಾಸ್ಟರ್ ಅಗ್ಗ, ಕೈಯ ಆಕಾರಕ್ಕೆ ಚೆನ್ನಾಗಿ ಒತ್ತಿ ಕೂರಿಸಬಹುದು. ಆಗಷ್ಟೇ ಎಳೆದು ಕೂರಿಸಿದ ಮೂಳೆಗೆ ಹೆಚ್ಚಿನವರು ಇದನ್ನೇ ಇಷ್ಟಪಡುತ್ತಾರೆ. ಪೂರ್ತಿ ಒಣಗಲು ಒಂದೆರಡು ದಿನ ಬೇಕು, ಆಷಾಢದ ತೇವದಲ್ಲಿ ಅದಕ್ಕೂ ಹೆಚ್ಚು, ನೀರು ತಾಗಿದರೆ ಮೆತ್ತಗಾಗುತ್ತದೆ. ಫೈಬರ್ ಹಗುರ, ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ನೀರಿಗೆ ಕರಗುವುದಿಲ್ಲ. ಆದರೆ ಅದರೊಳಗಿನ ಹತ್ತಿ ಸಾಮಾನ್ಯ ಹತ್ತಿಯೇ. ನೆನೆದರೆ ಒಣಗದೆ ನಾರುತ್ತದೆ, ಚರ್ಮ ಬೆಂಡಾಗುತ್ತದೆ. ಫೈಬರ್ ಎಂದರೆ ಗದ್ದೆಗಿಳಿಯಬಹುದು ಎಂದಲ್ಲ. ನನ್ನ ಮಾತು ಕೇಳುವುದಾದರೆ ಮೊದಲೆರಡು ವಾರ ಬಿಳಿ ಪ್ಲಾಸ್ಟರ್, ಎಕ್ಸ್-ರೇ ಸರಿಯಿದ್ದರೆ ನಂತರ ಫೈಬರ್. ಒದ್ದೆಯಾಯಿತೆಂದು ಬಚ್ಚಲ ಒಲೆಯ ಮುಂದೆ ಕೈ ಕಾಯಿಸಬೇಡಿ, ಒಳಗೆ ಚರ್ಮ ಸುಡುತ್ತದೆ. ತುರಿಕೆಗೆ ಕೊಡೆಯ ಕಡ್ಡಿ ತೂರಿಸಬೇಡಿ. ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಏನೇನು ಬಿದ್ದಿದೆ ಎಂದು ಹೇಳಹೊರಟರೆ ಅದೇ ಒಂದು ಲೇಖನವಾದೀತು.

ಎಲ್ಲಿಗೆ ಹೋಗುವುದು

ಎಕ್ಸ್-ರೇ, ಸ್ಲ್ಯಾಬ್, ಸಾಮಾನ್ಯ ಮುರಿತಕ್ಕೆ ಪ್ಲಾಸ್ಟರ್, ಇಷ್ಟಕ್ಕೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮೂಳೆ ವೈದ್ಯರು ಸಿಗುತ್ತಾರಾದರೆ ದೂರ ಓಡಬೇಕಿಲ್ಲ. ತೆರೆದ ಮುರಿತ, ಬೆರಳು ತಣ್ಣಗಾದದ್ದು, ಎರಡೂ ಮೂಳೆ ತುಂಡಾದದ್ದು ಎಂದಾದರೆ ಶಿವಮೊಗ್ಗ. ಇಲ್ಲಿನ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಆಗುಂಬೆ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ವಾಡಿಕೆ, ತಪ್ಪೇನಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮುರಿದ ಕೈ ಏನನ್ನುತ್ತದೆ ಎಂಬುದನ್ನು ನೆನೆದು ಹಾಳೆಯನ್ನು ಸರಿಯಾಗಿ ಕಟ್ಟಿಕೊಳ್ಳಿ.

ಚರ್ಮ ಒಡೆಯದ, ಬೆರಳು ಬೆಚ್ಚಗಿರುವ ಕೈಗೆ ಪ್ಲೇಟು ಹಾಕುವುದು ಕೆಲವು ದಿನ ತಡವಾದರೂ ನಷ್ಟವಿಲ್ಲ. ಆ ಬಿಡುವಿನಲ್ಲಿ ಕಾಗದಪತ್ರ ನೋಡಿಕೊಳ್ಳಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡನ್ನೂ ಹುಡುಕಿ. ಖಾಸಗಿ ಆಸ್ಪತ್ರೆಗೆ ಸೇರುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ಕೇಳಿಕೊಂಡರೆ ಆಮೇಲೆ ಅಲೆದಾಟ ತಪ್ಪುತ್ತದೆ.

ಬಿಚ್ಚಿದ ಮೇಲೆ

ಬೆರಳು ಮತ್ತು ಭುಜವನ್ನು ಮೊದಲ ದಿನದಿಂದಲೇ ಆಡಿಸಬೇಕು; ಪ್ಲಾಸ್ಟರ್ ಇರುವುದು ಮುಂಗೈಗೆ, ಇಡೀ ಮನುಷ್ಯನಿಗಲ್ಲ. ಬಿಚ್ಚಿದಾಗ ಕೈ ಬಡವಾಗಿರುತ್ತದೆ, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತದೆ. ಗಾಬರಿ ಬೇಡ, ಕೊಬ್ಬರಿ ಎಣ್ಣೆ ಸಾಕು. ದೊಡ್ಡವರ ನಡುಮೂಳೆ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು. ಅಲ್ಲಿಯವರೆಗೆ ಕೊಡ ಎತ್ತುವುದು, ಮರ ಹತ್ತುವುದು ಇಲ್ಲ.

ತಿರುಗಣೆಗೆ ನಾನು ಕೊಡುವ ಸಾಧನ ಸೌಟು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಸೌಟಿನ ಹಿಡಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಬಟ್ಟಲನ್ನು ಮೇಲಕ್ಕೆ ಮಾಡಿ. ನಿಧಾನವಾಗಿ ಹೊರಕ್ಕೆ ವಾಲಲು ಬಿಡಿ, ಅದರ ಭಾರವೇ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುತ್ತದೆ. ಹತ್ತು ಎಣಿಸಿ, ವಾಪಸ್ಸು. ಆಮೇಲೆ ಒಳಕ್ಕೆ. ಹಿಡಿ ಉದ್ದವಾದಷ್ಟೂ, ಬಟ್ಟಲು ಭಾರವಾದಷ್ಟೂ ಎಳೆತ ಹೆಚ್ಚು. ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ. ಮೊಣಕೈ ಪಕ್ಕೆಯಿಂದ ಬಿಟ್ಟರೆ ಲೆಕ್ಕಕ್ಕಿಲ್ಲ. ಬಗಲಲ್ಲಿ ಒಂದು ಟವೆಲ್ ಇಟ್ಟುಕೊಂಡರೆ ಕಳ್ಳತನ ಅಲ್ಲೇ ಬಯಲಾಗುತ್ತದೆ.

ಅತ್ತೆ ಸಾರಿನ ಸೌಟಿನಿಂದ ಶುರು ಮಾಡಿದವರು ಏಳನೆಯ ವಾರಕ್ಕೆ ಜೋನಿಬೆಲ್ಲದ ಉದ್ದನೆಯ ಸೌಟಿಗೆ ಬಂದರು. ಟವೆಲ್ ಒಂದು ಸಲವೂ ಬೀಳಲಿಲ್ಲ. ಜಗುಲಿಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದ ದೊಡ್ಡಪ್ಪ ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಲು ನೋಡಿದರು, ಅರ್ಧಕ್ಕೆ ನಿಂತಿತು, ಅದೇ ಕೈಯಿಂದ ಕವಳದ ತಟ್ಟೆ ಎಳೆದುಕೊಂಡರು.